ಕಡಲ್ಗಳ್ಳತನ: ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಕಡಲ್ಗಳ್ಳರ ಮಾತು ಬಂದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಏಳುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಜಗಳ ಹುಟ್ಟಿಸುವಂಥದ್ದು ಆಮೇಲೆ. ಬೇಕಾದ ಒಂದನ್ನೇ ಓದಿದರೂ ಸಾಕು.

## ಶುರುವಿನ ಪ್ರಶ್ನೆಗಳು

ಕಡಲ್ಗಳ್ಳತನ ಅಂದ್ರೆ ಸರಿಯಾಗಿ ಏನು? ಸಮುದ್ರದಲ್ಲಿ ಏನು ದೋಚಿದರೂ ಅದೇನಾ?

ಅಲ್ಲ. ಮಾತಿಗೆ ಹಡಗು ದೋಚಿದವರೆಲ್ಲ ಕಡಲ್ಗಳ್ಳರೇ, ಆದರೆ ಕಾನೂನು ಹಾಗೆ ನೋಡುವುದಿಲ್ಲ. ಇವತ್ತು ಹೆಚ್ಚಿನ ದೇಶಗಳು ಹಿಡಿದುಕೊಂಡಿರುವುದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವನ್ನು. ಅದರ 101ನೇ ವಿಧಿಯ ಪ್ರಕಾರ ಕೆಲವು ಸಂಗತಿಗಳು ಒಟ್ಟಿಗೆ ಕೂಡಿಬರಬೇಕು. ಹಿಂಸೆ, ಲೂಟಿ ಅಥವಾ ಜನರನ್ನು ಹಿಡಿದಿಡುವುದು ನಡೆದಿರಬೇಕು. ಖಾಸಗಿ ಉದ್ದೇಶಕ್ಕಾಗಿ ನಡೆದಿರಬೇಕು. ಒಂದು ಖಾಸಗಿ ಹಡಗಿನವರು ಇನ್ನೊಂದು ಹಡಗಿನ ಮೇಲೆ ಬಿದ್ದಿರಬೇಕು. ಮತ್ತು ಯಾವ ದೇಶದ ಕರಾವಳಿಯ ನೀರಿಗೂ ಸೇರದ ಕಡಲಿನಲ್ಲಿ ಆಗಿರಬೇಕು.

ಹಾಗಾಗಿ ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಒಳಗೆ ನಡೆದರೆ ಅದಕ್ಕೆ ಬೇರೆ ಹೆಸರು: ಹಡಗಿನ ಮೇಲಿನ ಸಶಸ್ತ್ರ ದರೋಡೆ. ಅದು ಆ ದೇಶದ ಪೊಲೀಸರ ಕೆಲಸ. ಅದೇ ಗುಂಪು, ಅದೇ ಚಾಕು, ಅದೇ ಹಡಗು. 11ನೇ ಮೈಲಿಯಲ್ಲಿ ದರೋಡೆ, 13ನೇ ಮೈಲಿಯಲ್ಲಿ ಕಡಲ್ಗಳ್ಳತನ. ಹಡಗಿನ ಸಿಬ್ಬಂದಿಯೇ ದಂಗೆ ಎದ್ದು ಹಡಗು ಕಿತ್ತುಕೊಂಡರೂ ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ, ಯಾಕೆಂದರೆ ಅಲ್ಲಿ ಎರಡನೇ ಹಡಗು ಇಲ್ಲ.

ಇದು ಯಾವಾಗ ಶುರುವಾಯಿತು?

ಸರಕು ತುಂಬಿದ ದೋಣಿ ಕಡಲಿಗೆ ಇಳಿದಾಗಿನಿಂದ ಅಂತಲೇ ಹೇಳಬೇಕು. ಕ್ರಿ.ಪೂ. 12ನೇ ಶತಮಾನದಲ್ಲಿ ಈಜಿಪ್ಟಿನ ದೊರೆ ಮೂರನೇ ರಾಮ್ಸೆಸ್ ಸಮುದ್ರದ ಕಡೆಯಿಂದ ಬಂದವರನ್ನು ಸೋಲಿಸಿದ್ದನ್ನು ಮೆದಿನೆತ್ ಹಬು ದೇವಾಲಯದ ಗೋಡೆಯ ಮೇಲೆ ಕೆತ್ತಿಸಿದ್ದಾನೆ. ಅವರು ಕಳ್ಳರೋ, ದಂಡೆತ್ತಿ ಬಂದವರೋ, ನೆಲೆ ಕಳೆದುಕೊಂಡು ಅಲೆಯುತ್ತಿದ್ದವರೋ ಎಂಬ ವಾದ ಇವತ್ತಿಗೂ ಮುಗಿದಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಹಳೆಯ ಗ್ರೀಕರ ಒಂದು ಸಾಕ್ಷ್ಯ. ಹೋಮರನ ಕಾವ್ಯದಲ್ಲಿ ಮನೆಗೆ ಬಂದ ಅಪರಿಚಿತರನ್ನು, ನೀವು ವ್ಯಾಪಾರಕ್ಕೆ ಹೊರಟವರೋ ಇಲ್ಲಾ ಲೂಟಿಗೆ ಹೊರಟವರೋ ಅಂತ ಆರಾಮಾಗಿ ಕೇಳುತ್ತಾರೆ. ಕೇಳಿದವರಿಗೂ ಸಂಕೋಚವಿಲ್ಲ, ಕೇಳಿಸಿಕೊಂಡವರಿಗೂ ಸಿಟ್ಟಿಲ್ಲ. ಕ್ರಿ.ಪೂ. 5ನೇ ಶತಮಾನದ ಇತಿಹಾಸಕಾರ ಥುಸಿಡಿಡಿಸ್ ಇದನ್ನೇ ಹಿಡಿದು, ಒಂದು ಕಾಲದಲ್ಲಿ ಈ ಕೆಲಸಕ್ಕೆ ಅವಮಾನ ಅಂಟಿರಲಿಲ್ಲ, ಸ್ವಲ್ಪ ಗೌರವವೇ ಇತ್ತು ಎಂದು ಬರೆದ. ಇದು ತಪ್ಪು ಎಂಬ ಭಾವನೆ ಬಂದದ್ದು ನಿಧಾನವಾಗಿ, ಕಡಲಿನ ಮೇಲೆ ಹಿಡಿತ ಬೇಕೆನ್ನುವ ರಾಜ್ಯಗಳು ಬೆಳೆದ ಮೇಲೆ.

ಕಣ್ಣಿಗೆ ಪಟ್ಟಿ, ಮರದ ಕಾಲು, ಹೂತಿಟ್ಟ ನಿಧಿ, ಹಲಗೆ ಮೇಲೆ ನಡೆಸಿ ನೀರಿಗೆ ತಳ್ಳೋದು: ಇವೆಲ್ಲ ನಿಜವಾ?

ಹೆಚ್ಚಿನದು 19ನೇ ಶತಮಾನದ ಕಾದಂಬರಿಗಳು ಕೊಟ್ಟಿದ್ದು. ಕೈಕಾಲು ಕಳೆದುಕೊಂಡ ನಾವಿಕರು ಇದ್ದರು, ಆದರೆ ಎಲ್ಲಾ ಹಡಗುಗಳಲ್ಲೂ ಇದ್ದರು. ನಿಧಿಯ ವಿಷಯಕ್ಕೆ ಬಂದರೆ, ವಿಲಿಯಂ ಕಿಡ್ 1699ರಲ್ಲಿ ನ್ಯೂಯಾರ್ಕಿನ ಹತ್ತಿರದ ಗಾರ್ಡಿನರ್ಸ್ ದ್ವೀಪದಲ್ಲಿ ಒಂದಿಷ್ಟು ಮಾಲು ಹೂತಿಟ್ಟಿದ್ದು ನಿಜ. ಅಧಿಕಾರಿಗಳು ಸ್ವಲ್ಪ ದಿನದಲ್ಲೇ ಅದನ್ನು ಅಗೆದು ತೆಗೆದರು. ಉಳಿದವರು ಹೂತಿಡುವುದು ಯಾಕೆ? ಸಿಕ್ಕಿದ್ದನ್ನು ಹಂಚಿಕೊಂಡು ಮುಂದಿನ ಬಂದರಿನಲ್ಲಿ ಖರ್ಚು ಮಾಡುತ್ತಿದ್ದರು. ಲೂಟಿಯಲ್ಲಿ ಚಿನ್ನಕ್ಕಿಂತ ಬಟ್ಟೆ, ಸಕ್ಕರೆ, ಹಗ್ಗ, ಹಾಯಿ, ಔಷಧಿ ಜಾಸ್ತಿ ಇರುತ್ತಿತ್ತು. 1718ರಲ್ಲಿ 'ಕಪ್ಪುಗಡ್ಡ' ಎಡ್ವರ್ಡ್ ಟೀಚ್ ಅಮೆರಿಕದ ಚಾರ್ಲ್ಸ್‌ಟನ್ ಬಂದರನ್ನೇ ಕಟ್ಟಿಹಾಕಿ ಕೇಳಿದ್ದು ಒಂದು ಪೆಟ್ಟಿಗೆ ಔಷಧಿ.

ಸಿನಿಮಾ ಕದ್ದು ಹಾಕೋದನ್ನೂ ಪೈರಸಿ ಅಂತಾರಲ್ಲ, ಅದು ಹೇಗೆ ಬಂತು?

ಇಂಟರ್ನೆಟ್ ಕಾಲದ್ದಲ್ಲ ಅದು. 17ನೇ ಶತಮಾನದ ಲಂಡನ್ನಿನಲ್ಲಿ ಬೇರೆಯವರ ಹಕ್ಕಿನ ಪುಸ್ತಕವನ್ನು ಕದ್ದು ಅಚ್ಚು ಹಾಕುವವರನ್ನೇ ಹೀಗೆ ಬೈಯುತ್ತಿದ್ದರು. 1960ರ ದಶಕದಲ್ಲಿ ಬ್ರಿಟನ್ನಿನ ಕಡಲ ಗಡಿಯಾಚೆ ಹಡಗು ನಿಲ್ಲಿಸಿ, ಪರವಾನಗಿ ಇಲ್ಲದೆ ಹಾಡು ಹಾಕುತ್ತಿದ್ದ ರೇಡಿಯೋಗಳಿಗೂ ಇದೇ ಹೆಸರು ಬಂತು. ಅವುಗಳಲ್ಲಿ ರೇಡಿಯೋ ಕೆರೋಲಿನ್ ಹೆಸರುವಾಸಿ. 1967ರಲ್ಲಿ ಬ್ರಿಟನ್ ಕಾನೂನು ತಂದು ಇವನ್ನು ಹಣಿಯಿತು. ಮೂರಕ್ಕೂ ಸಮಾನವಾದದ್ದು ಒಂದೇ, ಪರವಾನಗಿ ಇಲ್ಲದಿರುವುದು. ಆದರೆ ಕುತ್ತಿಗೆಗೆ ಬಂದೂಕು ಹಿಡಿಯುವುದನ್ನೂ ಒಂದು ಫೈಲ್ ನಕಲು ಮಾಡುವುದನ್ನೂ ಒಂದೇ ಹೆಸರಿನಿಂದ ಕರೆಯುವುದು ನನಗೆ ಒಪ್ಪಿಗೆಯಿಲ್ಲ.

## ಇತಿಹಾಸದ ಪ್ರಶ್ನೆಗಳು

ಜೂಲಿಯಸ್ ಸೀಸರ್‌ನನ್ನೇ ಕಡಲ್ಗಳ್ಳರು ಹಿಡಿದಿದ್ದರಂತೆ, ಹೌದಾ?

ಹೌದು, ಸುಮಾರು ಕ್ರಿ.ಪೂ. 75ರಲ್ಲಿ, ಏಜಿಯನ್ ಕಡಲಿನಲ್ಲಿ. ಹಳೆಯ ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವಂತೆ ಅವರು ಒತ್ತೆಹಣವಾಗಿ 20 ಟ್ಯಾಲೆಂಟ್ (ಆಗಿನ ಕಾಲದ ಬೆಳ್ಳಿಯ ಅಳತೆ) ಕೇಳಿದರು, ಸೀಸರ್ ತಾನು 50ಕ್ಕೆ ಬಾಳುವವನು ಎಂದ. 38 ದಿನ ಅವರ ಜೊತೆ ಇದ್ದು, ಬಿಡುಗಡೆಯಾದ ಕೂಡಲೇ ಹಡಗು ಕಟ್ಟಿಕೊಂಡು ಬಂದು ಅವರನ್ನು ಹಿಡಿದು ಶಿಲುಬೆಗೆ ಏರಿಸಿದ.

ಕಥೆ ಚೆನ್ನಾಗಿದೆ, ಆದರೆ ಅದರ ಹಿಂದಿರುವ ವಿಷಯ ಇನ್ನೂ ದೊಡ್ಡದು. ಈಗಿನ ಟರ್ಕಿಯ ದಕ್ಷಿಣ ತೀರದ ಸಿಲಿಸಿಯಾದಲ್ಲಿ ಬೀಡುಬಿಟ್ಟಿದ್ದ ಈ ಗುಂಪುಗಳು ಬೆಳೆಯಲು ರೋಮ್ ಕೂಡ ಕಾರಣ. ಹಿಡಿದ ಜನರನ್ನು ಗುಲಾಮರಾಗಿ ಮಾರುವುದೇ ಅವರ ದೊಡ್ಡ ಆದಾಯ, ಮತ್ತು ಆ ಗುಲಾಮರು ಬೇಕಾಗಿದ್ದದ್ದು ರೋಮಿನ ಸಿರಿವಂತರ ಜಮೀನುಗಳಿಗೆ. ರೋಮಿಗೆ ಬರುವ ಧಾನ್ಯದ ಹಡಗುಗಳಿಗೇ ಕೈ ಹಾಕಿದಾಗ ಮಾತ್ರ ಸಹನೆ ಮುಗಿಯಿತು. ಕ್ರಿ.ಪೂ. 67ರಲ್ಲಿ ಸೇನಾಪತಿ ಪಾಂಪೆಗೆ ಇಡೀ ಮೆಡಿಟರೇನಿಯನ್ ಮೇಲೆ ಅಧಿಕಾರ ಕೊಟ್ಟರು. ಅವನು ಕಡಲನ್ನು ಭಾಗ ಮಾಡಿ ಒಂದೊಂದಕ್ಕೂ ಒಬ್ಬ ಅಧಿಕಾರಿಯನ್ನು ಇಟ್ಟು, ಮೂರೇ ತಿಂಗಳಲ್ಲಿ ಕೆಲಸ ಮುಗಿಸಿದ. ಶರಣಾದವರನ್ನು ಕೊಲ್ಲದೆ, ಕಡಲಿನಿಂದ ದೂರ ಜಮೀನು ಕೊಟ್ಟು ನೆಲೆಗೊಳಿಸಿದ. ಬದುಕಲು ಬೇರೆ ದಾರಿ ಕೊಟ್ಟರೆ ತುಂಬಾ ಜನ ಈ ಕೆಲಸ ಬಿಡುತ್ತಾರೆ ಅನ್ನುವುದನ್ನು ಅವನು ಎರಡು ಸಾವಿರ ವರ್ಷದ ಹಿಂದೆಯೇ ಕಂಡುಕೊಂಡಿದ್ದ.

ರಾಜನ ಅನುಮತಿ ಇದ್ದರೆ ಲೂಟಿ ಮಾಡಬಹುದಿತ್ತಾ?

ಮಾಡಬಹುದಿತ್ತು. ಅಂಥವರನ್ನು ಪ್ರೈವೇಟಿಯರ್ ಅಂತ ಕರೆಯುತ್ತಿದ್ದರು. ಯುದ್ಧದ ಕಾಲದಲ್ಲಿ ರಾಜ ಒಬ್ಬ ಖಾಸಗಿ ಹಡಗಿನವನಿಗೆ ಪರವಾನಗಿ ಪತ್ರ ಕೊಡುತ್ತಿದ್ದ. ಶತ್ರುದೇಶದ ಹಡಗು ಹಿಡಿಯಬಹುದು, ಹಿಡಿದ ಮೇಲೆ ನ್ಯಾಯಾಲಯದ ಮುಂದೆ ತರಬೇಕು, ಹಿಡಿದದ್ದು ಸರಿ ಎಂದು ತೀರ್ಪಾದರೆ ಮಾಲು ಮಾರಿ ಹಂಚಿಕೊಳ್ಳಬೇಕು, ರಾಜನಿಗೂ ಪಾಲು. ನೌಕಾಪಡೆ ಸಾಕುವ ಖರ್ಚಿಲ್ಲದೆ ಯುದ್ಧ ನಡೆಸುವ ದಾರಿ ಅದು.

ಗೆರೆ ಎಷ್ಟು ತೆಳುವಾಗಿತ್ತು ಅನ್ನುವುದಕ್ಕೆ ಮೂರು ಜನರನ್ನು ಅಕ್ಕಪಕ್ಕ ಇಟ್ಟು ನೋಡಿ. ಫ್ರಾನ್ಸಿಸ್ ಡ್ರೇಕ್ 1577ರಿಂದ 1580ರವರೆಗೆ ಭೂಮಿ ಸುತ್ತುತ್ತಾ ಸ್ಪೇನಿನ ಹಡಗುಗಳನ್ನು ದೋಚಿದ. ಆಗ ಎರಡು ದೇಶಗಳ ನಡುವೆ ಘೋಷಿತ ಯುದ್ಧವೇ ಇರಲಿಲ್ಲ. ಸ್ಪೇನಿನವರಿಗೆ ಅವನು ಕಡಲ್ಗಳ್ಳ, ಇಂಗ್ಲೆಂಡಿನ ರಾಣಿ 1581ರಲ್ಲಿ ಅವನಿಗೆ ಸರ್ ಪದವಿ ಕೊಟ್ಟಳು. ಹೆನ್ರಿ ಮಾರ್ಗನ್ 1671ರಲ್ಲಿ ಪನಾಮಾ ನಗರವನ್ನು ಲೂಟಿ ಮಾಡಿದಾಗ ಇಂಗ್ಲೆಂಡ್ ಆಗಲೇ ಸ್ಪೇನಿನ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡಿತ್ತು. ಅವನನ್ನು ಬಂಧಿಸಿ ಲಂಡನ್ನಿಗೆ ಕರೆದೊಯ್ದರು, ಆಮೇಲೆ ಸರ್ ಪದವಿ ಕೊಟ್ಟು ಜಮೈಕಾದ ಉಪ ಗವರ್ನರ್ ಮಾಡಿ ಕಳಿಸಿದರು.

ಮೂರನೆಯವನು ವಿಲಿಯಂ ಕಿಡ್. ಅವನಿಗೂ ಪರವಾನಗಿ ಇತ್ತು, ಕಡಲ್ಗಳ್ಳರನ್ನೂ ಫ್ರೆಂಚ್ ಹಡಗುಗಳನ್ನೂ ಹಿಡಿಯಲು. 1698ರಲ್ಲಿ ಅವನು ಮಲಬಾರ್ ತೀರದ ಆಚೆ ಕ್ವೆಡಾ ಮರ್ಚಂಟ್ ಎಂಬ ಹಡಗು ಹಿಡಿದ. ಅದರ ಬಳಿ ಫ್ರೆಂಚ್ ಪಾಸ್ ಇತ್ತು, ಆದರೆ ಅದರಲ್ಲಿ ಮೊಘಲ್ ಆಸ್ಥಾನದ ದೊಡ್ಡವರ ಸರಕೂ ಇತ್ತು. ಕಿಡ್‌ಗೆ ಹಣ ಹಾಕಿದ್ದ ಲಂಡನ್ನಿನ ಪ್ರಭಾವಿಗಳು ದೂರ ಸರಿದರು. ವಿಚಾರಣೆಯಲ್ಲಿ ಅವನು ನಂಬಿಕೊಂಡಿದ್ದ ಫ್ರೆಂಚ್ ಪಾಸುಗಳು ಸಿಗಲೇ ಇಲ್ಲ. 1701ರಲ್ಲಿ ಕೊಲೆ ಮತ್ತು ಕಡಲ್ಗಳ್ಳತನದ ಆರೋಪದ ಮೇಲೆ ಅವನನ್ನು ಗಲ್ಲಿಗೇರಿಸಿದರು. ಆ ಪಾಸುಗಳು 20ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಸರ್ಕಾರಿ ಕಡತಗಳ ನಡುವೆ ಸಿಕ್ಕವು. ಅವನು ಸಂಭಾವಿತ ಅಂತ ನಾನು ಹೇಳುತ್ತಿಲ್ಲ, ಒಬ್ಬ ಸಿಬ್ಬಂದಿಯನ್ನು ಬಕೆಟ್ಟಿನಿಂದ ಹೊಡೆದು ಸಾಯಿಸಿದವನು. ಆದರೆ ಡ್ರೇಕ್, ಮಾರ್ಗನ್ ಮಾಡಿದ್ದಕ್ಕಿಂತ ಅವನು ಮಾಡಿದ್ದು ಕಡಿಮೆಯೇ. ಕಾಲ ಬದಲಾಗಿತ್ತು, ಲೂಟಿಗಿಂತ ವ್ಯಾಪಾರದಲ್ಲಿ ಇಂಗ್ಲೆಂಡಿಗೆ ಲಾಭ ಜಾಸ್ತಿ ಇತ್ತು.

ಈ ಪದ್ಧತಿಯನ್ನು ನಿಲ್ಲಿಸಿದ್ದು 1856ರ ಪ್ಯಾರಿಸ್ ಘೋಷಣೆ. ಅಮೆರಿಕ ಅದಕ್ಕೆ ಸಹಿ ಹಾಕಲಿಲ್ಲ. ಅಂಥ ಪತ್ರ ಕೊಡುವ ಅಧಿಕಾರ ಇವತ್ತಿಗೂ ಅಮೆರಿಕದ ಸಂವಿಧಾನದಲ್ಲಿ ಸಂಸತ್ತಿನ ಬಳಿ ಹಾಗೇ ಉಳಿದಿದೆ.

ಬಾರ್ಬರಿ ಕಡಲ್ಗಳ್ಳರು ಮಾಡಿದ್ದು ಧರ್ಮಯುದ್ಧವಾ, ವ್ಯಾಪಾರವಾ?

ಎರಡೂ, ಮತ್ತು ಎರಡೂ ಕಡೆಯಿಂದ. ಬಾರ್ಬರಿ ಅಂದರೆ ಉತ್ತರ ಆಫ್ರಿಕಾದ ಕರಾವಳಿ. ಅಲ್ಲಿನ ಅಲ್ಜಿಯರ್ಸ್, ಟ್ಯೂನಿಸ್, ಟ್ರಿಪೋಲಿಯಿಂದ ಹೊರಡುತ್ತಿದ್ದ ಹಡಗುಗಳು ಕ್ರೈಸ್ತರನ್ನು ಹಿಡಿದು ಗುಲಾಮರನ್ನಾಗಿ ಮಾಡುತ್ತಿದ್ದವು. 1631ರಲ್ಲಿ ಐರ್ಲೆಂಡಿನ ಬಾಲ್ಟಿಮೋರ್ ಎಂಬ ಊರನ್ನೇ ರಾತ್ರೋರಾತ್ರಿ ಖಾಲಿ ಮಾಡಿದರು. ಸ್ಪೇನಿನ ಲೇಖಕ ಸರ್ವಾಂಟಿಸ್ 1575ರಿಂದ ಐದು ವರ್ಷ ಅಲ್ಜಿಯರ್ಸ್‌ನಲ್ಲಿ ಸೆರೆಯಲ್ಲಿದ್ದ. ಇತ್ತ ಮಾಲ್ಟಾದ ಕ್ರೈಸ್ತ ಯೋಧರು ಮುಸ್ಲಿಮರನ್ನು ಹಿಡಿದು ಇದೇ ಕೆಲಸ ಮಾಡುತ್ತಿದ್ದರು, ಇದು ಮಾತ್ರ ಕಡಿಮೆ ಜನಕ್ಕೆ ಗೊತ್ತು. ಹಣ ಕೊಟ್ಟು ಸೆರೆಯಾಳುಗಳನ್ನು ಬಿಡಿಸುವುದಕ್ಕೆಂದೇ ಕ್ರೈಸ್ತ ಸನ್ಯಾಸಿಗಳ ಸಂಘಗಳಿದ್ದವು. ಯುರೋಪಿನ ದೇಶಗಳು ಒಪ್ಪಂದ ಮಾಡಿಕೊಂಡು ಕಾಣಿಕೆ ಕೊಟ್ಟು ತಮ್ಮ ಹಡಗುಗಳಿಗೆ ಪಾಸ್ ಪಡೆಯುತ್ತಿದ್ದವು. ಒಪ್ಪಂದಕ್ಕೆ ಸಹಿ ಹಾಕುವಾಗ ಸರ್ಕಾರ, ಹಡಗು ಹಿಡಿದಾಗ ಕಳ್ಳರ ಗುಂಪು, ಹೀಗೆ ಅನುಕೂಲಕ್ಕೆ ತಕ್ಕಂತೆ ಅವರನ್ನು ಕರೆದರು. 1830ರಲ್ಲಿ ಫ್ರಾನ್ಸ್ ಅಲ್ಜಿಯರ್ಸ್ ವಶಪಡಿಸಿಕೊಂಡಾಗ ಈ ಹೆಸರು ಸಮರ್ಥನೆಗೆ ತುಂಬಾ ಉಪಯೋಗಕ್ಕೆ ಬಂತು.

ಕೆರಿಬಿಯನ್ ಕಡಲ್ಗಳ್ಳರ 'ಸುವರ್ಣ ಯುಗ' ಯಾಕೆ ಅಷ್ಟು ಬೇಗ ಮುಗಿಯಿತು?

ನಾವು ಕೇಳಿರುವ ಹೆಚ್ಚಿನ ಹೆಸರುಗಳು 1715ರಿಂದ 1726ರ ನಡುವಿನವು. 1713ರಲ್ಲಿ ಸ್ಪೇನಿನ ಸಿಂಹಾಸನಕ್ಕಾಗಿ ನಡೆದ ದೊಡ್ಡ ಯುದ್ಧ ಮುಗಿಯುತ್ತಾ ಬಂತು. ಸಾವಿರಾರು ನಾವಿಕರನ್ನು ನೌಕಾಪಡೆ ಮನೆಗೆ ಕಳಿಸಿತು. ಕೂಲಿ ಬಿತ್ತು. ಸರಕು ಹಡಗುಗಳಲ್ಲಿ ಕೆಟ್ಟ ಊಟ, ಚಾಟಿ ಏಟು. ನಿನ್ನೆ ತನಕ ಪರವಾನಗಿ ಇಟ್ಟುಕೊಂಡು ಹಡಗು ಹಿಡಿಯುತ್ತಿದ್ದವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಬಹಾಮಾಸ್‌ನ ನಸ್ಸಾವು ಅವರ ಬೀಡಾಯಿತು.

ಮುಗಿಸಿದ್ದು ಕ್ಷಮೆ ಮತ್ತು ಗಲ್ಲು, ಎರಡೂ ಸೇರಿ. 1717ರಲ್ಲಿ ಬ್ರಿಟನ್ನಿನ ರಾಜ ಕ್ಷಮಾದಾನ ಘೋಷಿಸಿದ, 1718ರಲ್ಲಿ ವುಡ್ಸ್ ರೋಜರ್ಸ್ ಗವರ್ನರ್ ಆಗಿ ನಸ್ಸಾವಿಗೆ ಬಂದ. ತುಂಬಾ ಜನ ಒಪ್ಪಿಕೊಂಡರು. ಒಪ್ಪದವರನ್ನು ಬೆನ್ನಟ್ಟಿದರು. ಟೀಚ್ 1718ರ ನವೆಂಬರಿನಲ್ಲಿ ಸತ್ತ. ನೂರಾರು ಹಡಗು ಹಿಡಿದ ಬಾರ್ತಲೊಮ್ಯೂ ರಾಬರ್ಟ್ಸ್ 1722ರಲ್ಲಿ ಪಶ್ಚಿಮ ಆಫ್ರಿಕಾದ ತೀರದಲ್ಲಿ ಸತ್ತ. ಅವನ ಜೊತೆಗಾರರಲ್ಲಿ 52 ಜನರನ್ನು ಕೇಪ್ ಕೋಸ್ಟ್ ಕೋಟೆಯಲ್ಲಿ ಗಲ್ಲಿಗೇರಿಸಿದರು. ಹಿಡಿದವರನ್ನು ಲಂಡನ್ನಿಗೆ ಕಳಿಸದೆ ಅಲ್ಲಲ್ಲೇ ವಿಚಾರಣೆ ಮಾಡಲು 1700ರ ಕಾನೂನು ಅವಕಾಶ ಕೊಟ್ಟಿದ್ದು ಇದಕ್ಕೆಲ್ಲ ಅನುಕೂಲವಾಯಿತು.

ಅವರ ಹಡಗಿನಲ್ಲಿ ಪ್ರಜಾಪ್ರಭುತ್ವ ಇತ್ತು ಅಂತ ಓದಿದೆ. ಅತಿಶಯೋಕ್ತಿ ಅಲ್ವಾ?

ಇತ್ತು, ನಿಜವಾಗಿಯೂ. ಆದರೆ ಯಾರಿಗೆ ಅನ್ನುವುದನ್ನು ಕೇಳಬೇಕು. ರಾಬರ್ಟ್ಸ್‌ನ ಹಡಗಿನ ನಿಯಮಗಳು 1724ರಲ್ಲಿ ಅಚ್ಚಾಗಿವೆ. ಮುಖ್ಯ ವಿಷಯಗಳಲ್ಲಿ ಎಲ್ಲರಿಗೂ ಒಂದು ಮತ. ಕ್ಯಾಪ್ಟನ್‌ಗೆ ಎರಡು ಪಾಲು, ಸಾಮಾನ್ಯ ನಾವಿಕನಿಗೆ ಒಂದು. ಸರಕು ಹಡಗಿನಲ್ಲಿ ಈ ಅಂತರ ಎಷ್ಟೋ ಪಟ್ಟು ಜಾಸ್ತಿ ಇತ್ತು. ಕೈಯೋ ಕಾಲೋ ಹೋದರೆ 800 ಬೆಳ್ಳಿ ನಾಣ್ಯ ಪರಿಹಾರ. ಕ್ಯಾಪ್ಟನ್‌ನನ್ನು ಜನರೇ ಆರಿಸುತ್ತಿದ್ದರು, ಬೇಡವಾದರೆ ಇಳಿಸುತ್ತಿದ್ದರು. ಊಟ, ಹಂಚಿಕೆ, ಶಿಕ್ಷೆ ಕ್ವಾರ್ಟರ್‌ಮಾಸ್ಟರ್ ಕೈಯಲ್ಲಿ ಇತ್ತು, ಅಧಿಕಾರ ಒಬ್ಬನ ಹತ್ತಿರ ಸೇರಬಾರದು ಅಂತ. ಕ್ರೂರ ಕ್ಯಾಪ್ಟನ್‌ಗಳ ಕೈಕೆಳಗೆ ನರಳಿದವರು ಮಾಡಿಕೊಂಡ ನಿಯಮಗಳು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಇದಕ್ಕೆ ನನ್ನಲ್ಲಿ ಗೌರವ ಇದೆ.

ಇನ್ನೊಂದು ಪುಟವನ್ನೂ ಓದಬೇಕು. 1722ರ ಜನವರಿಯಲ್ಲಿ ಇದೇ ರಾಬರ್ಟ್ಸ್‌ನ ಗುಂಪು ಈಗಿನ ಬೆನಿನ್ ದೇಶದ ಉಯಿದಾ ಬಂದರಿನಲ್ಲಿ ಗುಲಾಮರ ಹಡಗುಗಳನ್ನು ಹಿಡಿಯಿತು. ಒಬ್ಬ ಕ್ಯಾಪ್ಟನ್ ಹಣ ಕೊಡಲು ಒಪ್ಪಲಿಲ್ಲ. ಅವನ ಹಡಗಿಗೆ ಬೆಂಕಿ ಹಚ್ಚಿದರು. ಒಳಗೆ ಸುಮಾರು 80 ಆಫ್ರಿಕನ್ನರು ಇಬ್ಬಿಬ್ಬರಾಗಿ ಸರಪಳಿಯಲ್ಲಿದ್ದರು. ಬಿಚ್ಚಲು ಸಮಯ ಹಿಡಿಯುತ್ತದೆ ಅಂತ ಹಾಗೇ ಬಿಟ್ಟರು. ಬೆಂಕಿಗೂ ನೀರಿಗೂ ನಡುವೆ ಸಿಕ್ಕಿ ಅವರು ಸತ್ತರು. ಕೆಲವು ಕಡಲ್ಗಳ್ಳರ ಗುಂಪುಗಳಲ್ಲಿ ಕಪ್ಪು ಜನರು ಸಮಾನ ಪಾಲು ಪಡೆದದ್ದೂ ಇದೆ, ಆದರೆ ಸಿಕ್ಕ ಗುಲಾಮರನ್ನು ಸರಕಿನ ಹಾಗೆ ಮಾರಿದ್ದೂ ಇದೆ. ಆ ಮತ, ಆ ಪರಿಹಾರ ನಿಯಮಕ್ಕೆ ಸಹಿ ಹಾಕಿದವರಿಗೆ ಮಾತ್ರ.

ಹೆಂಗಸರು ಇದ್ದರಾ?

ಕಡಿಮೆ, ಆದರೆ ಇದ್ದರು. ಆನ್ ಬಾನಿ ಮತ್ತು ಮೇರಿ ರೀಡ್ 1720ರಲ್ಲಿ ಜಮೈಕಾದಲ್ಲಿ ಸಿಕ್ಕಿಬಿದ್ದರು. ಇಬ್ಬರೂ ಗರ್ಭಿಣಿಯರು ಎಂದು ಗಲ್ಲು ಮುಂದಕ್ಕೆ ಹೋಯಿತು. ಮೇರಿ ಜೈಲಿನಲ್ಲೇ ತೀರಿಕೊಂಡಳು.

ಇವರಿಬ್ಬರ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಕೇಳಬೇಕು ಅನ್ನುವ ಹೆಸರು ಚೀನಾದ ಝೆಂಗ್ ಯಿ ಸಾವ್. 1807ರಲ್ಲಿ ಗಂಡ ಸತ್ತ ಮೇಲೆ ದಕ್ಷಿಣ ಚೀನಾ ಕಡಲಿನ ದೊಡ್ಡ ಒಕ್ಕೂಟವನ್ನು ನಡೆಸಿದಳು. ನೂರಾರು ಹಡಗುಗಳು, ಹತ್ತಾರು ಸಾವಿರ ಜನ. ಉಪ್ಪಿನ ಹಡಗುಗಳು ಅವಳ ಪಾಸ್ ಕೊಂಡು ಓಡಾಡುತ್ತಿದ್ದವು. ಚೀನಾದ ಸರ್ಕಾರಿ ಪಡೆಗೂ ಪೋರ್ಚುಗೀಸರಿಗೂ ಅವಳನ್ನು ಮುಗಿಸಲು ಆಗಲಿಲ್ಲ. ಕೊನೆಗೆ 1810ರಲ್ಲಿ ಅವಳೇ ಗುವಾಂಗ್‌ಝೌಗೆ ಹೋಗಿ ಮಾತುಕತೆ ನಡೆಸಿ, ಕ್ಷಮೆ ಪಡೆದು, 1844ರವರೆಗೆ ಬದುಕಿದಳು.

ಔರಂಗಜೇಬನ ಹಡಗನ್ನು ದೋಚಿದ್ದು ಯಾರು?

ಹೆನ್ರಿ ಎವ್ರಿ ಎಂಬ ಇಂಗ್ಲಿಷ್ ನಾವಿಕ, 1695ರ ಸೆಪ್ಟೆಂಬರಿನಲ್ಲಿ. ಹಡಗಿನ ಹೆಸರು ಗಂಜ್-ಇ-ಸವಾಯಿ. ಮೆಕ್ಕಾ ಯಾತ್ರಿಕರನ್ನೂ ವ್ಯಾಪಾರದ ಹಣವನ್ನೂ ಹೊತ್ತು ಸೂರತ್ತಿಗೆ ವಾಪಸ್ ಬರುತ್ತಿತ್ತು. ಹಲವು ದಿನ ಹಡಗಿನಲ್ಲಿ ಚಿತ್ರಹಿಂಸೆ, ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಸೂರತ್ತಿನಲ್ಲಿ ಜನ ಕೆರಳಿದರು, ಮೊಘಲ್ ಅಧಿಕಾರಿಗಳು ಈಸ್ಟ್ ಇಂಡಿಯಾ ಕಂಪನಿಯವರನ್ನು ಹಿಡಿದು ಕೂಡಿಹಾಕಿದರು. ವ್ಯಾಪಾರವೇ ನಿಲ್ಲುವ ಹಾಗಾಯಿತು. ಆಗ ಇಂಗ್ಲೆಂಡ್ ಎವ್ರಿಯ ತಲೆಗೆ ಬೆಲೆ ಕಟ್ಟಿತು, ಕಂಪನಿ ಮೊಘಲರ ಹಡಗುಗಳಿಗೆ ಬೆಂಗಾವಲು ಕೊಡಲು ಒಪ್ಪಿತು. 1696ರಲ್ಲಿ ಸಿಕ್ಕ ಕೆಲವರ ಮೇಲೆ ಲಂಡನ್ನಿನಲ್ಲಿ ವಿಚಾರಣೆ ನಡೆದಾಗ ಜ್ಯೂರಿ ಬಿಡುಗಡೆ ಮಾಡಿತು. ಸರ್ಕಾರಕ್ಕೆ ಅದು ಮುಖಭಂಗ. ಬೇರೆ ಆರೋಪ ಹೊರಿಸಿ ಮತ್ತೆ ವಿಚಾರಣೆ ನಡೆಸಿ ಗಲ್ಲಿಗೇರಿಸಿದರು. ಎವ್ರಿ ಮಾತ್ರ ಸಿಗಲೇ ಇಲ್ಲ.

ಕಾನ್ಹೋಜಿ ಆಂಗ್ರೆ ಕಡಲ್ಗಳ್ಳನಾ, ನೌಕಾಧಿಪತಿಯಾ?

ಮರಾಠರ ಸರಖೇಲ್, ಅಂದರೆ ನೌಕಾಧಿಪತಿ. ಇಂಗ್ಲಿಷರ ದಾಖಲೆಗಳಲ್ಲಿ ಮಾತ್ರ ಕಡಲ್ಗಳ್ಳ. ಇದು ಅರ್ಥವಾಗಬೇಕಾದರೆ ಇನ್ನೂರು ವರ್ಷ ಹಿಂದೆ ಹೋಗಬೇಕು. 1498ರಲ್ಲಿ ಬಂದ ಪೋರ್ಚುಗೀಸರು ಸ್ವಲ್ಪ ಕಾಲದಲ್ಲೇ ಕಾರ್ತಾಜ್ ಎಂಬ ಪಾಸ್ ತಂದರು. ಶತಮಾನಗಳಿಂದ ಯಾರ ಅಪ್ಪಣೆಯೂ ಇಲ್ಲದೆ ಓಡಾಡುತ್ತಿದ್ದ ವ್ಯಾಪಾರಿಗಳು ಈಗ ಅವರಿಂದ ಪಾಸ್ ಕೊಳ್ಳಬೇಕು, ಇಲ್ಲದಿದ್ದರೆ ಹಡಗು ಹೋಯಿತು. ಇದನ್ನು ಎದುರಿಸಿದ ಕುಂಞಾಲಿ ಮರಕ್ಕಾರರು ಕಲ್ಲಿಕೋಟೆಯ ಅರಸ ಸಾಮೂದಿರಿಯ ನೌಕಾ ನಾಯಕರು. ಪೋರ್ಚುಗೀಸರಿಗೆ ಅವರು ಕಳ್ಳರು. ನಾಲ್ಕನೇ ಕುಂಞಾಲಿಯನ್ನು 1600ರಲ್ಲಿ ಗೋವಾದಲ್ಲಿ ತಲೆ ಕಡಿದು ಕೊಂದರು.

ಆಂಗ್ರೆ ಮಾಡಿದ್ದು ಇದರ ತಿರುವುಮುರುವು: ಕೊಂಕಣದ ಕಡಲಿನಲ್ಲಿ ಓಡಾಡುವವರು ತನ್ನ ಪಾಸ್ ಪಡೆಯಬೇಕು ಎಂದ. ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ, ಅವನು ಅವರ ಹಡಗು ಹಿಡಿದ. 1721ರಲ್ಲಿ ಇಂಗ್ಲಿಷರು, ಪೋರ್ಚುಗೀಸರು ಸೇರಿ ಕೊಲಾಬಾ ಕೋಟೆಯ ಮೇಲೆ ಬಿದ್ದು ಸೋತರು. ಅವನು 1729ರಲ್ಲಿ ತೀರಿಕೊಳ್ಳುವವರೆಗೆ ಸೋಲಲಿಲ್ಲ. ಇವತ್ತು ಮುಂಬೈಯ ನೌಕಾನೆಲೆಗೆ ಐಎನ್ಎಸ್ ಆಂಗ್ರೆ ಎಂದು ಹೆಸರು.

ಪರ್ಷಿಯನ್ ಕೊಲ್ಲಿಯ ಕಡೆಯೂ ಇದೇ ಆಯಿತು. ರಾಸ್ ಅಲ್ ಖೈಮಾದ ಕವಾಸಿಮ್ ಅರಬರ ಕರಾವಳಿಯನ್ನು ಬ್ರಿಟಿಷರು ತಮ್ಮ ನಕ್ಷೆಯಲ್ಲಿ 'ಕಡಲ್ಗಳ್ಳರ ತೀರ' ಎಂದು ಬರೆದರು, 1819ರಲ್ಲಿ ದಾಳಿ ಮಾಡಿ 1820ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿದರು. ಅದೇ ತೀರ ಇವತ್ತಿನ ಯುಎಇ. ಇಲ್ಲೆಲ್ಲ ಲೂಟಿಯೇ ಇರಲಿಲ್ಲ ಅಂತ ಅಲ್ಲ. ತಮ್ಮ ಪಾಸ್ ಕಾನೂನು, ಇನ್ನೊಬ್ಬರ ಪಾಸ್ ಸುಲಿಗೆ ಅಂತ ಬರೆದಿಟ್ಟವರು ಗೆದ್ದವರು, ಮತ್ತು ನಮ್ಮ ಕೈಗೆ ಸಿಕ್ಕಿರುವುದು ಹೆಚ್ಚಾಗಿ ಅವರ ದಾಖಲೆಗಳೇ.

## ಕಾನೂನಿನ ಪ್ರಶ್ನೆಗಳು

ಯಾವ ದೇಶ ಬೇಕಾದ್ರೂ ಕಡಲ್ಗಳ್ಳರನ್ನು ಹಿಡಿಯಬಹುದು ಅಂತಾರೆ. ಬೇರೆ ಅಪರಾಧಕ್ಕಿಲ್ಲದ್ದು ಇದಕ್ಕೆ ಯಾಕೆ?

ಯಾವ ದೇಶಕ್ಕೂ ಸೇರದ ಜಾಗದಲ್ಲಿ ನಡೆಯುವುದರಿಂದ. ಯಾರಿಗೂ ಅಧಿಕಾರ ಇಲ್ಲ ಅನ್ನುವ ಬದಲು ಎಲ್ಲರಿಗೂ ಇದೆ ಎಂದು ಒಪ್ಪಿಕೊಂಡರು. ರೋಮಿನ ವಾಗ್ಮಿ ಸಿಸೆರೋ ಕ್ರಿ.ಪೂ. 44ರಲ್ಲಿ ಕಡಲ್ಗಳ್ಳ 'ಎಲ್ಲರ ಸಮಾನ ಶತ್ರು' ಎಂದು ಬರೆದ, ಅವನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕಾಗಿಲ್ಲ ಎಂದೂ ಹೇಳಿದ. ಮುಂದೆ ಇದೇ 'ಮನುಕುಲದ ಶತ್ರು' ಎಂಬ ಕಾನೂನಿನ ಮಾತಾಯಿತು.

ಆ ಮಾತು ಆಮೇಲೆ ಬೇರೆಯವರ ಮೇಲೂ ಹೋಯಿತು, ನನಗೆ ಈ ಇತಿಹಾಸದಲ್ಲಿ ತುಂಬಾ ಇಷ್ಟವಾದ ಭಾಗ ಇದು. 1820ರಲ್ಲಿ ಅಮೆರಿಕ, 1824ರಲ್ಲಿ ಬ್ರಿಟನ್ ಕಡಲಾಚೆಯ ಗುಲಾಮರ ವ್ಯಾಪಾರವನ್ನೇ ಕಡಲ್ಗಳ್ಳತನ ಎಂದು ಕಾನೂನು ಮಾಡಿದವು. ಒಂದು ಕಾಲದಲ್ಲಿ ಗೌರವದ ವ್ಯಾಪಾರವಾಗಿದ್ದದ್ದು ಗಲ್ಲಿನ ಅಪರಾಧವಾಯಿತು. 1862ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ಗುಲಾಮರ ಹಡಗಿನ ಕ್ಯಾಪ್ಟನ್‌ನನ್ನು ಈ ಕಾನೂನಿನ ಕೆಳಗೆ ಗಲ್ಲಿಗೇರಿಸಿದರು. ಅಮೆರಿಕದಲ್ಲಿ ಹೀಗೆ ಶಿಕ್ಷೆಯಾದವನು ಅವನೊಬ್ಬನೇ. 1980ರಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ, ಚಿತ್ರಹಿಂಸೆ ಕೊಡುವವನೂ ಕಡಲ್ಗಳ್ಳನಂತೆ, ಗುಲಾಮರ ವ್ಯಾಪಾರಿಯಂತೆ ಮನುಕುಲದ ಶತ್ರು ಎಂದಿತು.

ಹಣಕ್ಕಲ್ಲ, ರಾಜಕೀಯಕ್ಕಾಗಿ ಹಡಗು ಹಿಡಿದರೆ ಅದು ಕಡಲ್ಗಳ್ಳತನವಾ?

ವಕೀಲರು ಇವತ್ತಿಗೂ ಜಗಳವಾಡುವ ಪ್ರಶ್ನೆ. ಎಲ್ಲವೂ 'ಖಾಸಗಿ ಉದ್ದೇಶ' ಅನ್ನುವ ಎರಡು ಪದಗಳ ಮೇಲೆ ನಿಂತಿದೆ. ಹಣದ ಆಸೆ ಅಂತ ಅರ್ಥವೋ, ಸರ್ಕಾರದ ಅಪ್ಪಣೆ ಇಲ್ಲದ್ದು ಅಂತ ಅರ್ಥವೋ?

1985ರಲ್ಲಿ ಅಕಿಲ್ ಲಾರೋ ಎಂಬ ಇಟಲಿಯ ಪ್ರವಾಸಿ ಹಡಗನ್ನು ಪ್ಯಾಲೆಸ್ತೀನಿ ಗುಂಪೊಂದು ಹಿಡಿದು ಒಬ್ಬ ಪ್ರಯಾಣಿಕನನ್ನು ಕೊಂದಿತು. ಹಿಡಿದವರು ಅದೇ ಹಡಗಿನಲ್ಲಿ ಬಂದವರು, ಉದ್ದೇಶ ರಾಜಕೀಯ. ವ್ಯಾಖ್ಯೆಗೆ ಸರಿಯಾಗಿ ಹೊಂದಲಿಲ್ಲ. ಅದಕ್ಕೇ 1988ರಲ್ಲಿ ಹಡಗುಗಳ ಸುರಕ್ಷತೆಗೆ ಬೇರೆಯದೇ ಒಪ್ಪಂದ ಮಾಡಿದರು. 2013ರಲ್ಲಿ ಗ್ರೀನ್‌ಪೀಸ್‌ನವರು ಆರ್ಕ್‌ಟಿಕ್‌ನಲ್ಲಿ ತೈಲ ಬಾವಿಯ ಹತ್ತಿರ ಪ್ರತಿಭಟಿಸಿದಾಗ ರಷ್ಯಾ 30 ಜನರ ಮೇಲೆ ಕಡಲ್ಗಳ್ಳತನದ ಆರೋಪ ಹೊರಿಸಿ, ಆಮೇಲೆ ಗೂಂಡಾಗಿರಿಗೆ ಇಳಿಸಿತು. ಅದೇ ವರ್ಷ ಜಪಾನಿನ ತಿಮಿಂಗಿಲ ಬೇಟೆ ಹಡಗುಗಳಿಗೆ ಡಿಕ್ಕಿ ಹೊಡೆಯುತ್ತಿದ್ದ ಸೀ ಶೆಪರ್ಡ್ ಗುಂಪಿನ ಕೆಲಸ ಕಡಲ್ಗಳ್ಳತನವೇ ಎಂದು ಅಮೆರಿಕದ ನ್ಯಾಯಾಲಯವೊಂದು ಹೇಳಿತು. 2023ರ ನವೆಂಬರಿನಲ್ಲಿ ಯೆಮೆನಿನ ಹೌತಿ ಬಂಡುಕೋರರು ಹೆಲಿಕಾಪ್ಟರಿನಿಂದ ಇಳಿದು ಗ್ಯಾಲಕ್ಸಿ ಲೀಡರ್ ಹಡಗನ್ನು ಹಿಡಿದಾಗ ಇದೇ ವಾದ ಮತ್ತೆ ಎದ್ದಿತು.

ನನ್ನ ಅಭಿಪ್ರಾಯ ಇಷ್ಟು. ಈ ಹೆಸರನ್ನು ಹಿಗ್ಗಿಸಿದಷ್ಟೂ ಪ್ರತಿಭಟನೆ ಮಾಡುವವರನ್ನೂ ಅದರಲ್ಲಿ ಸೇರಿಸುವುದು ಸರ್ಕಾರಗಳಿಗೆ ಸುಲಭವಾಗುತ್ತದೆ. ಬೇರೆ ಅಪರಾಧಕ್ಕೆ ಬೇರೆ ಕಾನೂನು ಇದೆ, ಅದನ್ನೇ ಬಳಸಲಿ.

## ಈಗಿನ ಕಾಲದ ಪ್ರಶ್ನೆಗಳು

ಸೊಮಾಲಿಯಾದವರು ಬರೀ ಬಡ ಮೀನುಗಾರರಂತೆ, ನಿಜವಾ?

ಅರ್ಧ ನಿಜ. 1991ರಲ್ಲಿ ಅಲ್ಲಿ ಸರ್ಕಾರ ಕುಸಿಯಿತು. ಕಡಲು ಕಾಯುವವರಿಲ್ಲ ಅಂತ ಗೊತ್ತಾದ ಕೂಡಲೇ ಹೊರದೇಶದ ದೊಡ್ಡ ಟ್ರಾಲರ್‌ಗಳು ಬಂದು ಮೀನು ಬಾಚಿಕೊಂಡು ಹೋದವು. ಊರಿನವರು ದೋಣಿಯಲ್ಲಿ ಹೋಗಿ ಅವನ್ನು ತಡೆದು 'ದಂಡ' ವಸೂಲಿ ಮಾಡಲು ಶುರು ಮಾಡಿದರು. ಆ ಸಿಟ್ಟು ಸುಳ್ಳಲ್ಲ. ಆದರೆ 2008ರ ಹೊತ್ತಿಗೆ ಇದು ಹಣ ಹೂಡುವವರು, ಶಸ್ತ್ರ ಒದಗಿಸುವವರು, ದುಭಾಷಿಗಳು, ಕಾವಲಿನವರು ಎಲ್ಲರೂ ಇರುವ ವ್ಯವಹಾರವಾಗಿತ್ತು. ಆ ವರ್ಷ 33 ಯುದ್ಧ ಟ್ಯಾಂಕ್ ಹೊತ್ತಿದ್ದ ಫೈನಾ, ನವೆಂಬರಿನಲ್ಲಿ ಸುಮಾರು 20 ಲಕ್ಷ ಬ್ಯಾರೆಲ್ ತೈಲ ಹೊತ್ತಿದ್ದ ಸಿರಿಯಸ್ ಸ್ಟಾರ್ ಅವರ ಕೈಗೆ ಸಿಕ್ಕವು. ವಿಶ್ವಸಂಸ್ಥೆಯ ಆಹಾರ ತರುವ ಹಡಗುಗಳನ್ನೂ ಬಿಡಲಿಲ್ಲ, ಆ ಆಹಾರ ಹೋಗುತ್ತಿದ್ದದ್ದು ಹಸಿದ ಸೊಮಾಲಿಗಳಿಗೇ. ದೋಣಿಯಲ್ಲಿ ಪ್ರಾಣ ಒತ್ತೆ ಇಟ್ಟ ಹುಡುಗನಿಗೆ ಸಿಗುತ್ತಿದ್ದದ್ದು ಸ್ವಲ್ಪ, ದಡದಲ್ಲಿ ಕೂತು ಹಣ ಹೂಡಿದವನಿಗೆ ದೊಡ್ಡ ಪಾಲು.

2011ರಲ್ಲಿ ಸೊಮಾಲಿಗಳ ಹೆಸರಿನಲ್ಲಿ 237 ದಾಳಿ ದಾಖಲಾದವು. ಆಮೇಲೆ ಹಲವು ದೇಶಗಳ ನೌಕಾಪಡೆ, ಹಡಗಿನ ಕಾವಲು, ದಡದಲ್ಲಿನ ಬದಲಾವಣೆ ಎಲ್ಲ ಸೇರಿ ಬೇಗ ಇಳಿಯಿತು. ಪೂರ್ತಿ ನಿಂತಿಲ್ಲ. 2023ರ ಡಿಸೆಂಬರಿನಲ್ಲಿ ಅವರು ಹಿಡಿದ ರೂಯೆನ್ ಹಡಗನ್ನು 2024ರ ಮಾರ್ಚಿನಲ್ಲಿ ಭಾರತದ ನೌಕಾಪಡೆ ಬಿಡಿಸಿತು. 17 ಸಿಬ್ಬಂದಿ ಪಾರಾದರು, 35 ಜನ ಸೆರೆ ಸಿಕ್ಕರು.

ಹಡಗಿನವರೇ ಬಂದೂಕು ಇಟ್ಟುಕೊಂಡರೆ ಮುಗೀತಲ್ಲ?

ಶಸ್ತ್ರ ಹಿಡಿದ ಕಾವಲುಗಾರರಿರುವ ಹಡಗುಗಳು ಸಿಕ್ಕಿಬೀಳುವುದು ತೀರಾ ಅಪರೂಪ, ಅದು ನಿಜ. ಆದರೆ ತಪ್ಪು ಜನರ ಮೇಲೆ ಗುಂಡು ಹಾರಿದರೆ? 2012ರ ಫೆಬ್ರವರಿಯಲ್ಲಿ ಕೇರಳದ ಕರಾವಳಿಯಾಚೆ ಎನ್ರಿಕಾ ಲೆಕ್ಸಿ ಎಂಬ ಟ್ಯಾಂಕರಿನಲ್ಲಿದ್ದ ಇಟಲಿಯ ನೌಕಾ ಯೋಧರು ಕಡಲ್ಗಳ್ಳರು ಬಂದರೆಂದು ಗುಂಡು ಹಾರಿಸಿದರು. ಸತ್ತವರು ಇಬ್ಬರು ಭಾರತೀಯ ಮೀನುಗಾರರು. ಎರಡು ದೇಶಗಳ ನಡುವೆ ವರ್ಷಗಟ್ಟಲೆ ವ್ಯಾಜ್ಯ ನಡೆದು, 10 ಕೋಟಿ ರೂಪಾಯಿ ಪರಿಹಾರದ ಮೇಲೆ 2021ರಲ್ಲಿ ಸುಪ್ರೀಂ ಕೋರ್ಟು ಪ್ರಕರಣ ಮುಗಿಸಿತು. ದೂರದಿಂದ ಎಲ್ಲಾ ಸಣ್ಣ ದೋಣಿಯೂ ಒಂದೇ ಥರ ಕಾಣುತ್ತದೆ.

ಬಂದೂಕಿಲ್ಲದ ದಾರಿಗಳೂ ಇವೆ: ವೇಗ ಜಾಸ್ತಿ ಮಾಡುವುದು, ಅಂಚಿಗೆಲ್ಲ ಮುಳ್ಳುತಂತಿ ಸುತ್ತುವುದು, ನೀರಿನ ಪೈಪ್ ಬಿಡುವುದು, ಒಳಗಿನಿಂದ ಭದ್ರ ಮಾಡಿಕೊಳ್ಳುವ ಕೋಣೆಯಲ್ಲಿ ಎಲ್ಲರೂ ಸೇರಿಕೊಂಡು ಎಂಜಿನ್ ನಿಲ್ಲಿಸಿ ನೌಕಾಪಡೆಗೆ ಕಾಯುವುದು. ಈ ಕೋಣೆಯಿಂದ ಎಷ್ಟೋ ಜನ ಉಳಿದಿದ್ದಾರೆ.

ಹಿಡಿದ ಮೇಲೂ ಬಿಟ್ಟು ಕಳಿಸ್ತಾರಂತೆ, ಯಾಕೆ?

ಹಿಡಿಯುವ ಹಕ್ಕು ಎಲ್ಲರಿಗೂ ಇದೆ, ವಿಚಾರಣೆ ನಡೆಸಲೇಬೇಕು ಎಂಬ ಒತ್ತಾಯ ಯಾರಿಗೂ ಇಲ್ಲ. ಸಾಕ್ಷಿ ಹೇಳಬೇಕಾದ ನಾವಿಕರು ನಾಲ್ಕಾರು ದೇಶದವರು. ದುಭಾಷಿ, ವಕೀಲ, ಜೈಲು, ಶಿಕ್ಷೆ ಮುಗಿದ ಮೇಲೆ ಎಲ್ಲಿಗೆ ಕಳಿಸುವುದು ಎಂಬ ತಲೆನೋವು. ಎಷ್ಟೋ ದೇಶಗಳಲ್ಲಿ ಇದಕ್ಕೆ ಕಾನೂನೇ ಇರಲಿಲ್ಲ. ಭಾರತ ಪ್ರತ್ಯೇಕ ಕಾನೂನು ಮಾಡಿದ್ದು 2022ರಲ್ಲಿ. ಹಾಗಾಗಿ ಆಯುಧ ಕಿತ್ತುಕೊಂಡು ಬಿಟ್ಟುಬಿಡುವುದು ನಡೆಯಿತು. 2010ರಲ್ಲಿ ರಷ್ಯಾದ ನೌಕಾಪಡೆ ಹಿಡಿದವರನ್ನು ದಡದಿಂದ ನೂರಾರು ಮೈಲಿ ದೂರದಲ್ಲಿ ರಬ್ಬರ್ ದೋಣಿಯಲ್ಲಿ ಬಿಟ್ಟಿತು. ಅವರು ಬದುಕಿ ಉಳಿದಿರಲಾರರು ಎಂದು ರಷ್ಯಾದ ಅಧಿಕಾರಿಗಳೇ ಆಮೇಲೆ ಹೇಳಿದರು. ಅದು ಬಿಡುಗಡೆ ಅಲ್ಲ. ಕೀನ್ಯಾ ಮತ್ತು ಸೆಶೆಲ್ಸ್ ತಮ್ಮ ನ್ಯಾಯಾಲಯಗಳಲ್ಲಿ ಇಂಥ ಪ್ರಕರಣ ನಡೆಸಲು ಮುಂದೆ ಬಂದ ಮೇಲೆ ಸ್ವಲ್ಪ ಸರಿಹೋಯಿತು.

ಈಗ ಎಲ್ಲಿ ಜಾಸ್ತಿ ಇದೆ?

ಅಂತರರಾಷ್ಟ್ರೀಯ ಕಡಲ ಬ್ಯೂರೋದ ಲೆಕ್ಕದಲ್ಲಿ 2010ರಲ್ಲಿ ಜಗತ್ತಿನಲ್ಲಿ 445 ಘಟನೆ, 2023ರಲ್ಲಿ 120. ಸಿಂಗಪುರ ಜಲಸಂಧಿಯಲ್ಲಿ ರಾತ್ರಿ ಹತ್ತಿ ಎಂಜಿನ್ ಬಿಡಿಭಾಗ ಕದಿಯುವವರು ಹೆಚ್ಚು. ಪಶ್ಚಿಮ ಆಫ್ರಿಕಾದ ಗಿನಿ ಕೊಲ್ಲಿಯಲ್ಲಿ ಹಡಗು ಬಿಟ್ಟು ಜನರನ್ನೇ ಎತ್ತಿಕೊಂಡು ಹೋಗುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಅಪಹರಣವಾದ 135 ನಾವಿಕರಲ್ಲಿ 130 ಜನರನ್ನು ಎತ್ತಿಕೊಂಡು ಹೋದದ್ದು ಅಲ್ಲೇ. ಅಂಕಿಗಳನ್ನು ಪೂರ್ತಿ ನಂಬಬೇಡಿ. ದೂರು ಕೊಟ್ಟರೆ ಬಂದರಿನಲ್ಲಿ ತಡ, ವಿಮೆ ದುಬಾರಿ ಅಂತ ಎಷ್ಟೋ ಕಂಪನಿಗಳು ಸುಮ್ನೆ ಇದ್ದುಬಿಡುತ್ತವೆ.

ಒತ್ತೆಹಣ ಕೊಟ್ಟರೆ ಅವರಿಗೇ ಕುಮ್ಮಕ್ಕಲ್ವಾ? ಕೊಡಲೇಬಾರದು ಅನ್ಸುತ್ತೆ.

ಕುಮ್ಮಕ್ಕು ಹೌದು. ಆದರೆ ಕೊಡದಿದ್ದರೆ ಏನಾಗುತ್ತದೆ ಅನ್ನುವುದನ್ನೂ ನೋಡಿ. 2010ರ ಮಾರ್ಚಿನಲ್ಲಿ ಸೊಮಾಲಿ ಕಡಲ್ಗಳ್ಳರಿಗೆ ಸಿಕ್ಕಿಬಿದ್ದ ಐಸ್‌ಬರ್ಗ್ 1 ಹಡಗಿನ ಮಾಲೀಕರು ಸಿಬ್ಬಂದಿಯ ಕೈಬಿಟ್ಟರು. ಭಾರತೀಯರೂ ಸೇರಿ ಹಲವು ದೇಶದವರು ಅದರಲ್ಲಿದ್ದರು. 2012ರ ಡಿಸೆಂಬರಿನಲ್ಲಿ ಸೊಮಾಲಿಯಾದ ಪುಂಟ್‌ಲ್ಯಾಂಡ್ ಪ್ರಾಂತ್ಯದ ಪಡೆ ಬಿಡಿಸುವವರೆಗೆ, ಎರಡೂಮುಕ್ಕಾಲು ವರ್ಷ ಹತ್ತಿರ, ಅಲ್ಲೇ ಕೊಳೆತರು. ನಹಾಮ್ 3 ಎಂಬ ಮೀನುಗಾರಿಕೆ ಹಡಗಿನಲ್ಲಿ ಬದುಕುಳಿದ 26 ಜನ 2012ರಿಂದ 2016ರವರೆಗೆ ಸೆರೆಯಲ್ಲಿದ್ದರು. ಅಸ್ಫಾಲ್ಟ್ ವೆಂಚರ್ ಹಡಗಿಗೆ 2011ರಲ್ಲಿ ಹಣ ಕೊಟ್ಟೂ ಆಯಿತು, ಆದರೂ ಕಡಲ್ಗಳ್ಳರು ಏಳು ಭಾರತೀಯರನ್ನು ಸೆರೆಯಲ್ಲೇ ಉಳಿಸಿಕೊಂಡರು, ಭಾರತ ಸೊಮಾಲಿಗಳನ್ನು ಹಿಡಿದಿಟ್ಟಿದೆ ಎಂಬ ಸೇಡಿಗೆ. ಅವರು ಮನೆ ಕಂಡದ್ದು 2014ರಲ್ಲಿ.

ಇವರೆಲ್ಲ ತಿಂಗಳ ಸಂಬಳಕ್ಕೆ ದುಡಿಯುವ ನಾವಿಕರು, ಹಡಗೂ ಅವರದ್ದಲ್ಲ, ಸರಕೂ ಅವರದ್ದಲ್ಲ. ಹಣ ಕೊಡಬಾರದು ಅನ್ನುವ ನಿಯಮ ಮಾಡುವುದಾದರೆ, ಅವರನ್ನು ಬಿಡಿಸುವ ಹೊಣೆ ಯಾರದ್ದು, ಅಷ್ಟು ದಿನ ಮನೆಯವರಿಗೆ ಸಂಬಳ ಕಳಿಸುವವರು ಯಾರು ಅನ್ನುವುದನ್ನು ಅದೇ ನಿಯಮದಲ್ಲಿ ಮೊದಲು ಬರೆಯಬೇಕು. ಮಾಲೀಕ ಒಂದು ದೇಶ, ಬಾವುಟ ಇನ್ನೊಂದು ದೇಶ, ನಾವಿಕ ಮತ್ತೊಂದು ದೇಶ ಆಗಿರುವ ಹಡಗುಗಳಲ್ಲಿ ಈಗಲೂ ಮೊದಲು ಜಾರಿಕೊಳ್ಳುವುದು ಆ ಹೊಣೆಯೇ.